ಅಸ್ತರು

ತಂತಿಯ ತೂಗುಬುಟ್ಟಿ, ಸ್ಟೇಶನ್ನಿನ ಹೊರಗೆ ಜೋಡಿಗೆ ನೂರೆಂಬತ್ತು.
ಒಳಗೆ ಏನೂ ಇಲ್ಲ. ಈಚೆಯಿಂದ ತೂರಿದ ಬೆರಳು ಆಚೆ ಬರುತ್ತದೆ.
ನನ್ನ ಅಜ್ಜ ಕುಲಾಲ, ಗದ್ದೆಯ ಜೇಡಿ ತುಳಿದು ಮಡಕೆ ತಟ್ಟಿದವ;
ಇದನ್ನು ಕಂಡಿದ್ದರೆ ಕೇಳುತ್ತಿದ್ದ:
ಇದೆಂಥ ಪಾತ್ರೆ ಮಾರಾಯ,
ಬರೀ ತೂತಿಗೆ ದುಡ್ಡು ಕೊಟ್ಟು ಬಂದೆಯಾ?

ತೂತನ್ನು ಬಟ್ಟೆ ನೋಡಿಕೊಳ್ಳುತ್ತದೆ, ಅಜ್ಜ.
ವಿಕ್ರೋಲಿಯಲ್ಲಿ ಮೂವತ್ತೆಂಟು ವರ್ಷ
ಊರಿನವರ ಕೋಟಿಗೆಲ್ಲ ಒಳಮೈ ಹೊಲಿದವ ನಾನು.
ಯಾರೂ ನೋಡದ ಬದಿ ಅದು.
ನೋಡಿದರೆಂದರೆ, ಟೈಲರ್ ಎಲ್ಲೋ ತಪ್ಪಿದ್ದಾನೆ.

ಮೊದಲು ತೆಂಗಿನ ನಾರು ಹಾಸಿದೆ.
ಎರಡು ವರ್ಷ ಬಾಳುತ್ತದೆ ಅಂದಿದ್ದ ನರ್ಸರಿಯ ಹುಡುಗ.
ಪಿಕಳಾರದ ಜೋಡಿಗೆ ಯಾರೂ ಹಾಗೆ ಹೇಳಿರಲಿಲ್ಲ.
ಹನ್ನೊಂದೇ ದಿನ. ಎಳೆ ಎಳೆಯಾಗಿ ಕಿತ್ತು
ಎದುರು ಬಿಲ್ಡಿಂಗಿನ ಏಸಿಯ ಹಿಂದೆ ಮನೆ ಕಟ್ಟಿಕೊಂಡವು.
ನನ್ನ ಬುಟ್ಟಿಗೆ ಮತ್ತೆ ಎಲುಬು ಮಾತ್ರ.

ಆಮೇಲೆ ಫ್ಲೆಕ್ಸು: ಯಾವನೋ ನಗರಸೇವಕನ ಹುಟ್ಟುಹಬ್ಬದ್ದು,
ಮುಖ ಒಳಗೆ ಮಾಡಿ ಮಡಚಿದೆ.
ಕಣ್ಣಿಗೆ ಸೂಜಿ ಚುಚ್ಚಲು ಮನಸ್ಸಾಗದೆ
ಮೀಸೆಯಲ್ಲೇ ನಾಲ್ಕು ತೂತು.
ಸಾಲಲಿಲ್ಲ. ಜೂನಿನ ನೀರು ಒಳಗೇ ನಿಂತು ನಾರಿತು.
ಬೇರು ಕೊಳೆಯುವಾಗಲೂ ಅವನು ಕೈಮುಗಿದು ನಗುತ್ತಲೇ ಇದ್ದ.

ಆಮೇಲೆ ಈರುಳ್ಳಿ ಚೀಲ.
ಕೆಳಗಿನ ಮನೆಯ ಶುಭಾಂಗಿತಾಯಿ ಮೇಲೆ ಬಂದಳು,
ಕೆಂಪು ಕೆಸರಿನ ಹೊಳೆ ಹರಿದ ಬಿಳಿ ಬೆಡ್‌ಶೀಟು ಹಿಡಿದು.
ಒಂದು ಮಾತು ಆಡಲಿಲ್ಲ. ನನ್ನ ಮಿಷನ್ನಿನ ಮೇಲೆ ಹರವಿ
ಇಳಿದು ಹೋದಳು.
ಮೂರು ಸಲ ಒಗೆದೆ. ಇಸ್ತ್ರಿಯನ್ನೂ ಹಾಕಿಕೊಟ್ಟೆ.

ಆ ರಾತ್ರಿ ಗೋಡೆಯ ಮೊಳೆಯಿಂದ ಇಳಿಸಿದೆ ಅದನ್ನು,
ಚೀಟಿ ನಂಬರ್ ನಾಲ್ಕುನೂರ ಹದಿನೇಳು,
ಪೆಡಣೇಕರನ ಮದುವೆಯ ಕೋಟು.
ಮುಂಗಡ ಮುನ್ನೂರು, ಬಾಕಿ ಹದಿನೈದು ನೂರು,
ಗುರುವಾರ ಬರುತ್ತೇನೆ ಅಂದವನು.
ಒಂಬತ್ತು ವರ್ಷದ ಗುರುವಾರಗಳಾದವು.
ಮದುವೆ ಮುರಿಯಿತೋ, ಬೇರೆ ಕೋಟಿನಲ್ಲಿ ಆಯಿತೋ.
ಮಾರೋಣವೆಂದರೆ ಇನ್ನೊಬ್ಬನಿಗೆ ಕೂರುವುದಿಲ್ಲ:
ಅವನ ಎಡ ಭುಜ ಬಲಕ್ಕಿಂತ ಮುಕ್ಕಾಲು ಇಂಚು ಕೆಳಗೆ,
ಅದನ್ನು ಅವನಿಗೂ ತಿಳಿಯದ ಹಾಗೆ
ಹತ್ತಿ ತುಂಬಿ ನಾನು ಎತ್ತಿದ್ದೆ.

ಕತ್ತರಿ ಮೊದಲ ಇಂಚಿನಲ್ಲಿ ತಡೆಯಿತು. ಆಮೇಲೆ ಓಡಿತು.
ಸ್ಯಾಟಿನ್ ಬಿಚ್ಚಿ ಬದಿಗಿಟ್ಟೆ, ಅದು ನೀರು ಹಿಡಿಯುವ ಜಾತಿಯಲ್ಲ.
ನೀಲಿ ಉಣ್ಣೆಯನ್ನು ದುಂಡಗೆ ಕತ್ತರಿಸಿ
ನಾಲ್ಕು ಕಡೆ ಟಕ್ಸ್ ಹಿಡಿದೆ,
ಬುಟ್ಟಿಗೂ ಸೊಂಟ ಉಂಟಲ್ಲ.
ತಳಕ್ಕೆ ಭುಜದ ಪ್ಯಾಡುಗಳು, ಎರಡೂ.
ದಪ್ಪದ್ದು ಹೆಚ್ಚು ಕುಡಿಯುತ್ತದೆ.

ಇನ್ನು ಕಾಜಾಗಳು.
ರೇಷ್ಮೆ ದಾರದಲ್ಲಿ ಕೈಯಲ್ಲೇ ಹೊಲಿದವು,
ಒಂದೊಂದಕ್ಕೆ ಹದಿನೈದು ನಿಮಿಷ, ಈಗಿನ ಕಣ್ಣಿಗೆ ಸಾಧ್ಯವಿಲ್ಲ.
ಅವನ್ನು ಹೊರಮೈಗೆ ಬರುವಂತೆ ತಿರುಗಿಸಿ,
ತಂತಿಯ ಸಂದಿಯಿಂದ ಒಂದೊಂದರಲ್ಲಿ ಒಂದೊಂದು ಕುಡಿ ತೂರಿಸಿದೆ,
ಹತ್ತು ಗಂಟೆ ಹೂವಿನದು.
ಗುಂಡಿ ತೊಡಿಸುವಾಗಿನದೇ ಹದ:
ಹೆಬ್ಬೆರಳಿನಿಂದ ಒತ್ತು, ತೋರುಬೆರಳಿನಿಂದ ಎಳೆ.

ಈಗ ಅರ್ಧ ಮಗ್ಗು ನೀರು ಹೊಯ್ದು ಕಾಯುತ್ತೇನೆ.
ನಾಲ್ಕನೆಯ ನಿಮಿಷಕ್ಕೆ ಮೊದಲ ಹನಿ,
ತಿಳಿಯಾಗಿ, ಬಣ್ಣವಿಲ್ಲದೆ.
ಕೆಳಗೆ ಶುಭಾಂಗಿತಾಯಿ ಟವೆಲ್ ಒಣಹಾಕಿ
ಒಮ್ಮೆ ಮೇಲೆ ನೋಡಿದಳು. ತೆಗೆಯಲಿಲ್ಲ.

ನಿನ್ನೆ ಹತ್ತು ದಾಟಿ ಕಾಲು ಗಂಟೆಗೆ, ಲೇಟಾಗಿ,
ಕೊರಳಪಟ್ಟಿಯ ಕಾಜಾದಲ್ಲಿ ಒಂದು ಅರಳಿತು,
ಮದುಮಗ ಗುಲಾಬಿ ಸಿಕ್ಕಿಸುವ ಜಾಗದಲ್ಲಿ.
ಚೀಟಿ ಇನ್ನೂ ಮೊಳೆಯಲ್ಲೇ ಇದೆ.
ಬಂದರೆ ಬರಲಿ, ಬಾಕಿ ಕೇಳುವುದಿಲ್ಲ.
ಟ್ರಯಲ್‌ಗೆ ಮಾತ್ರ
ಸ್ಟೂಲ್ ಹತ್ತಬೇಕಾದೀತು.